ಊರಿಗೆ ಬಂದ ಸರ್ವರ್ ನೀರಿಗೆ ಬರಲ್ವಾ?



ಮಳೆಗಾಲ ಶುರುವಾದರೆ ನಮ್ಮ ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದು ಅಂಕಿ ಓಡ್ತಾ ಇರುತ್ತೆ. ಕೆಆರ್‌ಎಸ್ ಇಂದಿನ ಮಟ್ಟ ಇಷ್ಟು ಅಡಿ, ಗರಿಷ್ಠ ಮಟ್ಟ 124.80 ಅಡಿ. ಷೇರುಪೇಟೆಯವರು ಸೆನ್ಸೆಕ್ಸ್ ನೋಡಿದ ಹಾಗೆ ಮಂಡ್ಯ ಜಿಲ್ಲೆಯವರು ಆ ಅಂಕಿ ನೋಡ್ತಾರೆ. ಇವತ್ತು ಆ ಅಂಕಿಯ ಪಕ್ಕದಲ್ಲಿ ಒಂದು ಕಂಪ್ಯೂಟರ್ ಇಟ್ಟು ಮಾತಾಡೋಣ. ಏನಪ್ಪಾ, ಕೆಆರ್‌ಎಸ್‌ಗೂ ಕಂಪ್ಯೂಟರ್‌ಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಕೊನೆವರೆಗೂ ನೋಡಿ.

2022ರಲ್ಲಿ ರಾಜ್ಯ ಸರ್ಕಾರ ಡೇಟಾ ಸೆಂಟರ್ ನೀತಿ ತಂದಿತು. 2023ರ ಮಾರ್ಚ್ 12ರಂದು ಪ್ರಧಾನಿ ಮದ್ದೂರಿನ ಗೆಜ್ಜಲಗೆರೆಗೆ ಬಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟಿಸಿದರು. ಆಮೇಲಿಂದ ನನಗೆ ಮಂಡ್ಯ ಕಡೆಯ ಹುಡುಗರು ಕೇಳ್ತಾನೇ ಇದಾರೆ: "ಮೇಡಂ, ಕೃತಕ ಬುದ್ಧಿಮತ್ತೆ ಅಂತಾರೆ, ಸಾವಿರಾರು ಕೋಟಿ ಅಂತಾರೆ. ಎಲ್ಲಾ ಬೆಂಗಳೂರಿಗೇ ಯಾಕೆ? ನಮ್ಮೂರಿಗೆ ಒಂದು ಡೇಟಾ ಸೆಂಟರ್ ಬರಬಾರದಾ?" ನ್ಯಾಯವಾದ ಪ್ರಶ್ನೆ. ನಾನು ಎಂಜಿನಿಯರಿಂಗ್ ಓದಿ ಈ ಸ್ಟುಡಿಯೋಗೆ ಬಂದವಳು. ಹಾಗಾಗಿ ಇವತ್ತು ಭಾಷಣ ಕಡಿಮೆ, ಲೆಕ್ಕ ಜಾಸ್ತಿ.

ಮೊದಲು ಪೆಟ್ಟಿಗೆಯ ಒಳಗೆ ಏನಾಗುತ್ತೆ ನೋಡಿ. ಸರ್ವರ್‌ಗಳನ್ನು ಬೀರುವಿನಂಥ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸ್ತಾರೆ. ಅದಕ್ಕೆ ರ‍್ಯಾಕ್ ಅಂತ ಹೆಸರು. ಹಳೇ ಕಾಲದ ಒಂದು ರ‍್ಯಾಕ್ ಐದರಿಂದ ಹತ್ತು ಕಿಲೋವ್ಯಾಟ್ ಕರೆಂಟು ತಿನ್ನುತ್ತಿತ್ತು. ಎಸಿ ಗಾಳಿ ಬಿಟ್ಟರೆ ತಣ್ಣಗಾಗ್ತಿತ್ತು. ಈಗ ಬಂದಿರುವ ಎನ್‌ವಿಡಿಯಾ ಕಂಪನಿಯ ಎನ್‌ವಿಎಲ್72 ಅನ್ನುವ ಒಂದೇ ಒಂದು ರ‍್ಯಾಕ್‌ಗೆ ಸುಮಾರು 120 ಕಿಲೋವ್ಯಾಟ್ ಬೇಕು. ತೂಕ ಒಂದೂಕಾಲು ಟನ್ನಿಗೂ ಜಾಸ್ತಿ. ಒಳಗೆ ಹೋದ ಕರೆಂಟೆಲ್ಲಾ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತೆ. ಒಂದು ಬೀರುವಿನೊಳಗೆ 120 ಇಸ್ತ್ರಿಪೆಟ್ಟಿಗೆ ಇಟ್ಟು ಹಗಲೂ ರಾತ್ರಿ ಉರಿಸಿದ ಹಾಗೆ. ಅದನ್ನು ಗಾಳಿಯಿಂದ ಆರಿಸೋಕೆ ಆಗಲ್ಲ. ಹಾಗಾಗಿ ಚಿಪ್ಪಿನ ಬೆನ್ನಿಗೆ ತಾಮ್ರದ ತಟ್ಟೆ ಅಂಟಿಸಿ, ಅದರೊಳಗೆ ನೀರು ಹರಿಸ್ತಾರೆ.

ಈಗ ಒಂದು ಸೂಕ್ಷ್ಮ ವಿಷಯ. ಚಿಪ್ಪಿನ ಹತ್ತಿರ ಸುತ್ತುವ ಆ ನೀರು ಮುಚ್ಚಿದ ಕೊಳವೆಯಲ್ಲಿರುತ್ತೆ. ಕಾರಿನ ರೇಡಿಯೇಟರ್ ಥರ. ಒಂದು ಸಲ ತುಂಬಿದರೆ ವರ್ಷಗಟ್ಟಲೆ ಅದೇ ಸುತ್ತುತ್ತೆ. "ನಮ್ಮದು ವಾಟರ್ ಕೂಲಿಂಗ್, ಆದರೆ ನೀರೇ ಖರ್ಚಾಗಲ್ಲ" ಅಂತ ಕಂಪನಿಯವರು ಹೇಳಿದರೆ ಈ ಮಟ್ಟಿಗೆ ಅದು ನಿಜ. ಆದರೆ ಆ ಬಿಸಿ ಎಲ್ಲಿಗೆ ಹೋಗುತ್ತೆ? ಕಟ್ಟಡದ ಹೊರಗೆ ಹಾಕಬೇಕಲ್ವಾ? ಅದಕ್ಕೆ ಎರಡು ದಾರಿ. ಒಂದು, ದೊಡ್ಡ ದೊಡ್ಡ ಫ್ಯಾನ್ ಇಟ್ಟು ಬರೀ ಗಾಳಿಗೆ ಬಿಡೋದು. ಇನ್ನೊಂದು, ಕೂಲಿಂಗ್ ಟವರ್ ಕಟ್ಟಿ ನೀರನ್ನು ಆವಿ ಮಾಡಿ ಆಕಾಶಕ್ಕೆ ಬಿಡೋದು. ಎರಡನೆಯದಕ್ಕೆ ಕರೆಂಟು ಕಡಿಮೆ ಸಾಕು, ನೀರು ಜಾಸ್ತಿ ಬೇಕು.

ಮಂಡ್ಯದವರಿಗೆ ಇದನ್ನ ನಾನು ವಿವರಿಸಬೇಕಾಗಿಲ್ಲ. ಆಲೆಮನೆ ಕಂಡವರು ನೀವು. ಕೊಪ್ಪರಿಗೆಗೆ ಕಬ್ಬಿನ ಹಾಲು ಸುರಿದು ಕಾಯಿಸಿದರೆ ಬೆಂಕಿಯ ಬಿಸಿಯನ್ನೆಲ್ಲಾ ಹೊತ್ತುಕೊಂಡು ನೀರು ಆವಿಯಾಗಿ ಮೇಲೆ ಹೋಗುತ್ತೆ, ತಳದಲ್ಲಿ ಬೆಲ್ಲ ಗಟ್ಟಿಯಾಗುತ್ತೆ. ಕೂಲಿಂಗ್ ಟವರ್ ಮಾಡೋದೂ ಅದೇ ಕೆಲಸ, ಕುದಿಸದೇ ಮಾಡುತ್ತೆ ಅಷ್ಟೆ. ನೀರು ಮೇಲಕ್ಕೆ ಹೋಗುತ್ತೆ, ತಳದಲ್ಲಿ ಉಪ್ಪು, ಸುಣ್ಣ ಗಟ್ಟಿಯಾಗುತ್ತಾ ಬರುತ್ತೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕಾಯಿಸೋ ಪಾತ್ರೆಗೆ ಬಿಳೀ ಪದರ ಕಟ್ಟೋದು ಗೊತ್ತಲ್ಲ? ಅದೇ ಪದರ ಕೋಟಿಗಟ್ಟಲೆ ಬೆಲೆಯ ಯಂತ್ರದ ಕೊಳವೆಯಲ್ಲಿ ಕಟ್ಟಬಾರದು ಅಂತ, ಆ ಗಟ್ಟಿಯಾದ ನೀರನ್ನು ಆಗಾಗ ಹೊರಗೆ ಬಿಟ್ಟು ಹೊಸ ನೀರು ತುಂಬ್ತಾರೆ. ಹೊರಗೆ ಬಿಟ್ಟ ಆ ನೀರಲ್ಲಿ ಉಪ್ಪಿನ ಜೊತೆಗೆ ಪಾಚಿ ಕೊಲ್ಲುವ ರಾಸಾಯನಿಕ ಕೂಡ ಇರುತ್ತೆ. ಇದನ್ನ ನೆನಪಿಟ್ಟುಕೊಳ್ಳಿ.

ಈಗ ಲೆಕ್ಕ. ಹತ್ತು ಮೆಗಾವ್ಯಾಟ್‌ನ ಒಂದು ಡೇಟಾ ಸೆಂಟರ್ ಇಟ್ಟುಕೊಳ್ಳಿ. ಇವತ್ತಿನ ಲೆಕ್ಕದಲ್ಲಿ ಅದು ತೀರಾ ಸಣ್ಣದು. ಅದರ ಬಿಸಿಯನ್ನೆಲ್ಲಾ ಆವಿ ಮಾಡಿ ಕಳೆದರೆ ದಿನಕ್ಕೆ ಸುಮಾರು ಮೂರೂವರೆ ಲಕ್ಷ ಲೀಟರ್ ನೀರು ಆಕಾಶಕ್ಕೆ. ಗಟ್ಟಿಯಾಯ್ತು ಅಂತ ಹೊರಗೆ ಬಿಡೋದು ಇನ್ನೊಂದು ಲಕ್ಷದ ಆಸುಪಾಸು. ಒಟ್ಟು ನಾಲ್ಕೂವರೆಯಿಂದ ಐದು ಲಕ್ಷ ಲೀಟರ್. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್. ಅಂದ್ರೆ ಎಂಟು ಸಾವಿರಕ್ಕೂ ಹೆಚ್ಚು ಜನರ ನೀರು.

ಇಲ್ಲಿಗೆ ನಿಲ್ಲಿಸಿ "ನೋಡಿ, ನಮ್ಮ ನೀರು ಕುಡೀತಾರೆ" ಅಂತ ನಾನು ಕೂಗಬಹುದು. ಕೂಗಲ್ಲ. ಯಾಕಂದ್ರೆ ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ ಸುಮಾರು 1,200 ಮಿಲಿಮೀಟರ್ ನೀರು ಹಿಡಿದರೆ, ಈ ಡೇಟಾ ಸೆಂಟರ್ ಇಡೀ ವರ್ಷ ಕುಡಿಯೋ ನೀರು ಮೂವತ್ತೈದು ಎಕರೆ ಭತ್ತದ ಒಂದು ಬೆಳೆಗೆ ಸಮ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಮೂವತ್ತೈದು ಎಕರೆ ಅಂದ್ರೆ ಎಷ್ಟು? ಒಂದು ಊರಿನ ಒಂದು ಮೂಲೆ. ಹಾಗಾದರೆ ತೊಂದರೆ ಎಲ್ಲಿ?

ತೊಂದರೆ ಇರೋದು ಸಮಯದಲ್ಲಿ. ಮಳೆ ಕೈಕೊಟ್ಟ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರೆ. ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ರೈತ ಒಪ್ಪಿಕೊಳ್ತಾನೆ, ಬೇರೆ ದಾರಿ ಇಲ್ಲ. 2023 ನೆನಪಿದೆಯಲ್ಲ? ತಮಿಳುನಾಡಿಗೆ ನೀರು ಬಿಡಿ ಅಂತ ಆದೇಶ. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಒಣಗ್ತಾ ಇರೋ ಬೆಳೆ ಮುಂದೆ ನಿಂತ ರೈತನಿಗೆ "ಸ್ವಲ್ಪ ತಡ್ಕೊಳಪ್ಪಾ" ಅಂದ್ವಿ. ಸರ್ವರ್‌ಗೆ ಹಾಗೆ ಹೇಳೋಕಾಗುತ್ತಾ? ಹತ್ತು ದಿನ ಕಟ್ಟು ಅಂತ ಹೇಳೋಕಾಗುತ್ತಾ? ನೀರು ನಿಂತರೆ ರ‍್ಯಾಕ್ ನಿಮಿಷಗಳಲ್ಲಿ ಕಾದುಹೋಗುತ್ತೆ. ಅದಕ್ಕೆ 365 ದಿನವೂ ಬೇಕು. ಅದರಲ್ಲೂ ಅತಿ ಹೆಚ್ಚು ಬೇಕಾಗೋದು ಏಪ್ರಿಲ್‌ನಲ್ಲಿ, ಕೆರೆ ಕಟ್ಟೆ ಒಣಗಿ ಹಳ್ಳಿಗೆ ಟ್ಯಾಂಕರ್ ಓಡೋ ತಿಂಗಳಲ್ಲಿ. ಆವಾಗ ಕಂಪನಿ ಏನು ಮಾಡುತ್ತೆ? ಒಪ್ಪಂದ ತೋರಿಸುತ್ತೆ. ಒಪ್ಪಂದ ಇಲ್ಲದ ರೈತ ಏನು ತೋರಿಸಬೇಕು? ಊರಿಗೆ ಬಂದೋಳು ನೀರಿಗೆ ಬರಲ್ವಾ ಅಂತ ನಮ್ಮಜ್ಜಿಯರು ಸುಮ್ಮನೆ ಹೇಳಿದ್ದಲ್ಲ.

ಇದರ ಹಿಂದೆ ಇನ್ನೊಂದು ಗಂಟಿದೆ. ಇದನ್ನ ನಮ್ಮ ವಕೀಲರು, ನೀರಾವರಿ ಅಧಿಕಾರಿಗಳು ಸ್ವಲ್ಪ ಗಮನಿಸಬೇಕು. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಒಂದು ಲೆಕ್ಕ ಹಾಕಿದೆ. ಕುಡಿಯೋಕೆ ಅಂತ ಎತ್ತಿದ ನೀರಲ್ಲಿ ಶೇಕಡಾ 20 ಮಾತ್ರ ಖರ್ಚು, ಕೈಗಾರಿಕೆಗೆ ಎತ್ತಿದ ನೀರಲ್ಲಿ ಶೇಕಡಾ ಎರಡೂವರೆ ಮಾತ್ರ ಖರ್ಚು, ಉಳಿದದ್ದು ಹೇಗೋ ನದಿಗೆ ವಾಪಸ್ ಬರುತ್ತೆ ಅಂತ. ಕೂಲಿಂಗ್ ಟವರ್‌ಗೆ ಈ ಲೆಕ್ಕ ಕೂಡಿಬರುತ್ತಾ? ಅಲ್ಲಿ ಎತ್ತಿದ ನೀರಲ್ಲಿ ಮುಕ್ಕಾಲು ಪಾಲು ಆವಿ. ವಾಪಸ್ ಬರೋದು ಕಾಲು ಪಾಲು, ಅದೂ ಉಪ್ಪು ನೀರು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಹೆಚ್ಚುವರಿ ಕೊಟ್ಟಾಗ ಎಷ್ಟು ಸಂಭ್ರಮಪಟ್ವಿ. ಅದರಲ್ಲಿ ಬೆಂಗಳೂರಿನ ಕುಡಿಯೋ ನೀರಿನ ಬಾಬ್ತು 4.75. ಒಂದೊಂದು ಹನಿಗೂ ಲೆಕ್ಕ ಕೊಡಬೇಕಾದ ನದಿ ಇದು. ಇದರಲ್ಲಿ ಯಾವ ಖಾತೆಯಿಂದ ಯಂತ್ರಕ್ಕೆ ನೀರು ಕೊಡ್ತೀರಿ ಅಂತ ಮೊದಲೇ ಬರೆದಿಡಬೇಕು.

ಸರಿ, ಹಾಗಾದರೆ ಬೇಡವೇ ಬೇಡ ಅನ್ನೋಣವಾ? ಅದೂ ಅಲ್ಲ. ಜಾಗ ನೋಡೋಣ ಬನ್ನಿ. ಮಳವಳ್ಳಿ, ಮದ್ದೂರು, ಮಂಡ್ಯ. ಎಂಜಿನಿಯರ್ ಒಬ್ಬರು ಟೇಪು ಹಿಡಿದು ಬಂದರೆ ಏನೇನು ನೋಡಬೇಕು?

ಮೊದಲು ಮಳವಳ್ಳಿ. ಮೇಲ್ನೋಟಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಶಿವನಸಮುದ್ರ ಇಲ್ಲೇ. 1902ರಲ್ಲಿ ಇಲ್ಲಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರೀತಿತ್ತು. ಬೆಂಗಳೂರಿಗೆ ಕಾವೇರಿ ನೀರು ಹೋಗೋದೂ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. 2024ರ ಅಕ್ಟೋಬರ್ 16ರಂದು ಐದನೇ ಹಂತ ಅಲ್ಲೇ ಉದ್ಘಾಟನೆ ಆಯ್ತು, ದಿನಕ್ಕೆ 77.5 ಕೋಟಿ ಲೀಟರ್. ಕರೆಂಟೂ ಇದೆ, ನೀರೂ ಇದೆ, ಇನ್ನೇನು ಬೇಕು?

ಈಗ ಎರಡು ಅಂಕಿ ಕೇಳಿ. ಶಿವನಸಮುದ್ರದ ಸಾಮರ್ಥ್ಯ 42 ಮೆಗಾವ್ಯಾಟ್. ಅದರ ತಮ್ಮ ಶಿಂಷಾ ವಿದ್ಯುದಾಗಾರ 17.2. ಎರಡೂ ಸೇರಿ 60 ಮೆಗಾವ್ಯಾಟ್ ಮುಟ್ಟಲ್ಲ. ಆಗಲೇ ಹೇಳಿದ ಎನ್‌ವಿಎಲ್72 ರ‍್ಯಾಕು ಐನೂರು ಇಟ್ಟರೆ ಇಬ್ಬರ ದುಡಿಮೆಯೂ ಮುಗೀತು. ಐನೂರು ರ‍್ಯಾಕು ಒಂದು ದೊಡ್ಡ ಕಲ್ಯಾಣಮಂಟಪದಂಥ ಕಟ್ಟಡದಲ್ಲಿ ಹಿಡಿಸುತ್ತೆ.

ಇನ್ನು ನೀರು. 2022ರ ಸೆಪ್ಟೆಂಬರ್ ಮೊದಲ ವಾರ ಏನಾಯ್ತು? ಮಂಡ್ಯ ಜಿಲ್ಲೆಯಲ್ಲಿ ರಾತ್ರಿಯಿಡೀ ಮಳೆ. ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ನೀರು ನುಗ್ಗಿತು. ನೀರು ಪಂಪ್ ಮಾಡೋ ಯಂತ್ರಗಳೇ ನೀರಲ್ಲಿ ಮುಳುಗಿದವು. ಒಂದು ಕಡೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರ್ ಓಡ್ತಾ ಇದೆ, ಇನ್ನೊಂದು ಕಡೆ ಅದೇ ಬೆಂಗಳೂರಿನ ಹಲವು ಬಡಾವಣೆಗಳಿಗೆ ಕುಡಿಯೋಕೆ ನೀರಿಲ್ಲ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸ್ಥಳಕ್ಕೇ ಬಂದು ನೋಡಬೇಕಾಯ್ತು. ನಾಡಿನ ರಾಜಧಾನಿಗೆ ನೀರು ಕೊಡೋ ಸ್ಥಾವರಕ್ಕೇ ಹೀಗಾದರೆ, ಹಳ್ಳದ ಪಕ್ಕ ತಗ್ಗಿನಲ್ಲಿ ಜಾಗ ಅಗ್ಗ ಅಂತ ತಗೊಂಡು ಸರ್ವರ್ ಇಟ್ಟವರ ಗತಿ? ನೀರು ಬೇಕಾದ ಯಂತ್ರ ಅಂತ ನೀರಿನ ಪಕ್ಕವೇ ಕೂರಿಸಬಾರದು. ಎತ್ತರದಲ್ಲಿ ಕೂರಿಸಿ ನೀರನ್ನು ಅಲ್ಲಿಗೆ ತರಬೇಕು. ಜಾಗ ತೋರಿಸೋ ದಲ್ಲಾಳಿ ಇದನ್ನ ಹೇಳಲ್ಲ. ಊರಿನ ಹಿರಿಯರನ್ನ ಕೇಳಿ, ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಬೊಟ್ಟು ಮಾಡಿ ತೋರಿಸ್ತಾರೆ.

ಮುಂದೆ ಮದ್ದೂರು. ಬೆಂಗಳೂರಿಗೆ ಸುಮಾರು 80 ಕಿಲೋಮೀಟರ್. ರೈಲು ಮಾರ್ಗ ಇದೆ, ಹೆದ್ದಾರಿ ಇದೆ. ಮಾಹಿತಿ ಹೋಗೋ ಗಾಜಿನ ಎಳೆ, ಅದೇ ಆಪ್ಟಿಕಲ್ ಫೈಬರ್, ಇಂಥ ದಾರಿಗಳ ಪಕ್ಕದಲ್ಲೇ ಹಾಕೋದು ಸುಲಭ. ಬೆಳಕು ಆ ಎಳೆಯಲ್ಲಿ ಮದ್ದೂರಿನಿಂದ ಬೆಂಗಳೂರಿಗೆ ಹೋಗೋಕೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಬೇಡ. ಹಾಗಾಗಿ "ದೂರ ಆಯ್ತು" ಅನ್ನೋ ಮಾತು ನಿಲ್ಲಲ್ಲ. ಗೆಜ್ಜಲಗೆರೆ, ಸೋಮನಹಳ್ಳಿಯಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶಗಳು ಈಗಾಗಲೇ ಇವೆ. ಆದರೆ ಮದ್ದೂರು, ಮಳವಳ್ಳಿ ಎರಡೂ ನಾಲೆಯ ಕೊನೇ ಭಾಗ. ತಲೆಭಾಗದವರು ತುಂಬಿಕೊಂಡು ಉಳಿದರೆ ಇವರಿಗೆ. ಕೊನೇ ಭಾಗದ ರೈತನ ಕಣ್ಣೆದುರು ನಾಲೆಗೆ ಇನ್ನೊಂದು ಪೈಪು ಹಾಕಿದರೆ ಅದು ಬರೀ ಎಂಜಿನಿಯರಿಂಗ್ ವಿಷಯವಾಗಿ ಉಳಿಯಲ್ಲ.

ಆಮೇಲೆ ಮಂಡ್ಯ. ತೂಬಿನಕೆರೆ ಕೈಗಾರಿಕಾ ಪ್ರದೇಶ ಇದೆ. ಸುತ್ತಲಿನ ಗದ್ದೆ ಬಂಗಾರ, ಅದನ್ನ ಮುಟ್ಟಬಾರದು. ಆದರೆ ಮಂಡ್ಯದ ಹತ್ತಿರ ಯಾರೂ ಲೆಕ್ಕಕ್ಕೆ ತಗೊಳ್ಳದ ಒಂದು ಆಸ್ತಿ ಇದೆ. ಏನು ಗೊತ್ತಾ? ಚರಂಡಿ ನೀರು. ನಗಬೇಡಿ. 2011ರ ಜನಗಣತಿ ಪ್ರಕಾರವೇ ನಗರದ ಜನಸಂಖ್ಯೆ 1 ಲಕ್ಷ 30 ಸಾವಿರ ದಾಟಿದೆ. ಪಟ್ಟಣದ ಲೆಕ್ಕದಲ್ಲಿ ತಲೆಗೆ 135 ಲೀಟರ್ ಕೊಟ್ಟರೆ ಅದರಲ್ಲಿ ಶೇಕಡಾ 80 ಚರಂಡಿಗೆ ಬರುತ್ತೆ ಅನ್ನೋದು ಎಂಜಿನಿಯರ್‌ಗಳ ರೂಢಿಯ ಅಂದಾಜು. ಹಾಗಾದರೆ ದಿನಕ್ಕೆ ಒಂದೂಕಾಲು ಕೋಟಿ ಲೀಟರ್ ಮೀರುತ್ತೆ. ನಮ್ಮ ಹತ್ತು ಮೆಗಾವ್ಯಾಟ್‌ಗೆ ಬೇಕಾಗಿರೋದು ಐದು ಲಕ್ಷ. ಚೆನ್ನಾಗಿ ಶುದ್ಧೀಕರಿಸಿದ ಚರಂಡಿ ನೀರು ಕೂಲಿಂಗ್ ಟವರ್‌ಗೆ ಧಾರಾಳವಾಗಿ ಆಗುತ್ತೆ. ಬೆಂಗಳೂರಿನ ಚರಂಡಿ ನೀರನ್ನ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸ್ತಾ ಇದೀವಿ. ಎರಡೇ ಹಂತದ ಶುದ್ಧೀಕರಣ ಸಾಲದು ಅಂತ ಅಲ್ಲಿನ ರೈತರು ವರ್ಷಗಳಿಂದ ಕೇಳ್ತಾ ಇರೋದು ಮೂರನೇ ಹಂತದ ಶುದ್ಧೀಕರಣ. ಇಲ್ಲಿ ಆ ಮೂರನೇ ಹಂತದ ಖರ್ಚನ್ನು ಕಂಪನಿಯ ತಲೆಗೇ ಕಟ್ಟಬಹುದು. ಅದರ ಯಂತ್ರಕ್ಕೇ ಶುದ್ಧ ನೀರು ಬೇಕಲ್ಲ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಚಿಪ್ಪಿಗೆ ತಣ್ಣೀರೇ ಬೇಕು ಅಂತಿಲ್ಲ. 40, 45 ಡಿಗ್ರಿ ಬೆಚ್ಚಗಿನ ನೀರಲ್ಲೂ ಕೆಲಸ ಮಾಡೋ ಹಾಗೆ ವಿನ್ಯಾಸ ಮಾಡ್ತಾರೆ. ಜರ್ಮನಿಯ ಗಾರ್ಚಿಂಗ್‌ನಲ್ಲಿ 2012ರಲ್ಲೇ ಸೂಪರ್‌ಮುಕ್ ಅನ್ನೋ ಸೂಪರ್ ಕಂಪ್ಯೂಟರನ್ನ ಬೆಚ್ಚಗಿನ ನೀರಿಂದಲೇ ತಣಿಸಿದರು. ನಮ್ಮಲ್ಲಿ ವರ್ಷದ ಬಹುಪಾಲು ದಿನ ಹೊರಗಿನ ಗಾಳಿ 35 ಡಿಗ್ರಿಗಿಂತ ಕೆಳಗೇ ಇರುತ್ತೆ. ಆ ದಿನಗಳಲ್ಲಿ ಬರೀ ಫ್ಯಾನ್ ಗಾಳಿ ಸಾಕು, ನೀರು ಆವಿ ಮಾಡೋದೇ ಬೇಡ. ಏಪ್ರಿಲ್‌ನ ಕಡುಬಿಸಿಲಿನ ಕೆಲವು ವಾರ ಮಾತ್ರ ನೀರಿನ ಸಹಾಯ. ಚಿಪ್ಪು ಬಿಟ್ಟು ಬೇರೆ ಭಾಗಗಳ ಒಂದಷ್ಟು ಬಿಸಿ ಗಾಳಿಗೇ ಬರುತ್ತೆ, ಅದಕ್ಕೆ ಎಸಿ ಬೇಕೇ ಬೇಕು, ನಿಜ. ಫ್ಯಾನಿಗೆ ಕರೆಂಟು ಜಾಸ್ತಿ, ಕಟ್ಟೋ ಖರ್ಚೂ ಜಾಸ್ತಿ. ಅದಕ್ಕೇ ಕಂಪನಿಗಳು ನೀರಿನ ದಾರಿ ಹಿಡಿಯೋದು. ನೀರು ಅಗ್ಗ ಇರೋ ತನಕ ಅವರು ನೀರನ್ನೇ ಕೇಳ್ತಾರೆ. ಬೆಲೆ ಯಾರು ಕಟ್ಟಬೇಕು? ನಾವು.

ಅಮೆರಿಕದ ಒಂದು ಕಥೆ ಹೇಳ್ತೀನಿ. ಆರೆಗಾನ್ ರಾಜ್ಯದಲ್ಲಿ ದಿ ಡಾಲ್ಸ್ ಅಂತ ಮದ್ದೂರಿಗಿಂತ ಚಿಕ್ಕ ಊರು. ಅಲ್ಲಿ ಗೂಗಲ್ ಡೇಟಾ ಸೆಂಟರ್ ಇದೆ. ಎಷ್ಟು ನೀರು ಕುಡಿಯುತ್ತೆ ಅಂತ ಒಂದು ಪತ್ರಿಕೆ ಕೇಳಿತು. ನಗರಾಡಳಿತ, ಅದು ವ್ಯಾಪಾರದ ಗುಟ್ಟು, ಹೇಳಲ್ಲ ಅಂದಿತು. ಅಷ್ಟೇ ಅಲ್ಲ, ಪತ್ರಿಕೆ ವಿರುದ್ಧವೇ ಕೋರ್ಟಿಗೆ ಹೋಯ್ತು. ವರ್ಷದ ನಂತರ, 2022ರ ಕೊನೆಯಲ್ಲಿ, ರಾಜಿಯಾಗಿ ಅಂಕಿ ಹೊರಬಂತು. 2021ರಲ್ಲಿ ಸುಮಾರು 134 ಕೋಟಿ ಲೀಟರ್. ಇಡೀ ಊರು ಬಳಸಿದ ನೀರಿನ ಕಾಲು ಭಾಗಕ್ಕಿಂತ ಹೆಚ್ಚು. ಅಲ್ಲೇ ಹಾಗಾದರೆ ಇಲ್ಲಿ ನಮಗೆ ಯಾರು ಹೇಳ್ತಾರೆ?

ಯಾರೂ ಹೇಳಲ್ಲ ಅನ್ನೋದೇ ನನ್ನ ಭಯ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಡೇಟಾ ಸೆಂಟರ್‌ಗೆ ಪ್ರತ್ಯೇಕ ಸಾಲೇ ಇಲ್ಲ. ಕಟ್ಟಡ ಅನ್ನೋ ಲೆಕ್ಕಕ್ಕೆ ಬರುತ್ತೆ. 20 ಸಾವಿರ ಚದರ ಮೀಟರ್ ದಾಟಿದರೆ ಅನುಮತಿ ಬೇಕು, ಆದರೆ ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ. ಅಂದ್ರೆ ಊರಿನವರನ್ನ ಕೇಳಲೇಬೇಕು ಅಂತಿಲ್ಲ. ಸಕ್ಕರೆ ಕಾರ್ಖಾನೆ ಕಟ್ಟಿದರೆ ಹೊಗೆ ಕಾಣುತ್ತೆ, ವಾಸನೆ ಬರುತ್ತೆ, ಜನ ಕೇಳ್ತಾರೆ. ಡೇಟಾ ಸೆಂಟರ್ ಬೆಳ್ಳಗೆ, ಕಿಟಕಿ ಇಲ್ಲದೆ, ಸುಮ್ಮನೆ ನಿಂತಿರುತ್ತೆ. ಕೆಲಸವೂ ಅಷ್ಟೇ. ಕಟ್ಟುವಾಗ ಸಾವಿರ ಜನ, ಕಟ್ಟಿದ ಮೇಲೆ ಕೆಲವೇ ಡಜನ್. ಕಬ್ಬು ಬೆಳೆಗಾರ, ಕಟಾವಿನವ, ಗಾಡಿಯವ ಅಂತ ಸಾವಿರಾರು ಮನೆಗೆ ಹಂಚಿಹೋಗೋ ದುಡ್ಡು ಇದರಲ್ಲಿಲ್ಲ. ನನ್ನನ್ನ ಕೇಳಿದ ಹುಡುಗರು ಇದನ್ನೂ ಲೆಕ್ಕಕ್ಕೆ ಹಿಡೀಬೇಕು.

ಹಾಗಾಗಿ ನನ್ನ ಮಾತು ಇಷ್ಟು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ನಮ್ಮ ರಾಜಕಾರಣಿಗಳ ಅಭ್ಯಾಸ. ಈ ಒಂದು ವಿಷಯದಲ್ಲಿ ಆ ಅಭ್ಯಾಸ ಒಳ್ಳೇದೇ. ಕಂಪನಿ ಬರೋ ಮುಂಚೆಯೇ ನಿಯಮ ಹೊಲಿದಿಡಿ. ನಾಲೆ ನೀರಿಲ್ಲ, ಬೋರ್‌ವೆಲ್ ಇಲ್ಲ, ಶುದ್ಧೀಕರಿಸಿದ ಚರಂಡಿ ನೀರು ಮಾತ್ರ ಅಂತ ಬರೀರಿ. ಮೊದಲು ಗಾಳಿ, ಆಮೇಲೆ ನೀರು ಅಂತ ಬರೀರಿ. ಹೊರಬಿಡೋ ಉಪ್ಪು ನೀರು ಹಳ್ಳಕ್ಕೆ, ಕೆರೆಗೆ ಬರಕೂಡದು, ಆವರಣದೊಳಗೇ ಸಂಸ್ಕರಿಸಬೇಕು ಅಂತ ಬರೀರಿ. ಗದ್ದೆ ಬೇಡ, ಈಗಿರೋ ಕೈಗಾರಿಕಾ ಪ್ರದೇಶದ ಎತ್ತರದ ನೆಲ ಕೊಡಿ. ಎಷ್ಟು ಕರೆಂಟು, ಎಷ್ಟು ನೀರು ಅನ್ನೋ ಮೀಟರ್ ಲೆಕ್ಕವನ್ನ ಪ್ರತಿ ತಿಂಗಳು ಗ್ರಾಮ ಪಂಚಾಯಿತಿ ಬೋರ್ಡಿನ ಮೇಲೆ ಕನ್ನಡದಲ್ಲಿ ಹಾಕಲಿ. ಇವನ್ನೆಲ್ಲಾ ಒಪ್ಪಿ ಬರೋ ಕಂಪನಿಗೆ ನಾನೇ ಮೊದಲ ಸ್ವಾಗತ ಹೇಳ್ತೀನಿ.

ಮಂಡ್ಯದ ಜನಪ್ರತಿನಿಧಿಗಳೇ, ಈ ಬಾರಿ ಕೆಡಿಪಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಜಿಲ್ಲೆಗೆ ಡೇಟಾ ಸೆಂಟರ್ ಬಂದರೆ ಯಾವ ನೀರು, ಯಾರ ಪಾಲಿನದು, ಏಪ್ರಿಲ್‌ನಲ್ಲಿ ಎಲ್ಲಿಂದ? ಉತ್ತರ ಸಿಕ್ಕಿದರೆ ನಮಗೂ ತಿಳಿಸಿ, ಇದೇ ಪರದೆ ಮೇಲೆ ಹಾಕ್ತೀವಿ. ಕೆಆರ್‌ಎಸ್ ಮಟ್ಟದ ಪಕ್ಕದಲ್ಲೇ.